ಕರುಳಿನ ತಂತಿ

ನೇತ್ರಾವತಿಯ ದಂಡೆಯಲ್ಲಿ ಬಾಗಿಲು ಹಾಕಿದ ಒಂದು ಹಂಚಿನ ಕಾರ್ಖಾನೆ ಇತ್ತು. ಹಸಿ ಹಂಚು ಒಣಗಿಸುತ್ತಿದ್ದ ಅದರ ಉದ್ದನೆಯ ಚಾವಡಿಯಲ್ಲಿ ಈಗ ಹಾಡು ಕಲಿಸುತ್ತಿದ್ದರು.

ಕಲಿಸುವವರು ಬೆನೆಡಿಕ್ಟಾ ಬಾಯಿ. ಊರಿನವರಿಗೂ ಶಿಷ್ಯರಿಗೂ ಅವರು ಬಾಯಮ್ಮ.

ಯೌವನವನ್ನೆಲ್ಲ ಯುರೋಪಿನಲ್ಲಿ ಕಳೆದು, ತಲೆ ನೆರೆತ ಮೇಲೆ ಒಂದು ವಾದ್ಯ ಹೊತ್ತುಕೊಂಡು ಊರಿಗೆ ಬಂದವರು ಅವರು. ವಾದ್ಯದ ಹೆಸರು ವಯೋಲ್. ಕಾಲುಗಳ ನಡುವೆ ಇಟ್ಟುಕೊಂಡು ಕಮಾನಿನಿಂದ ಬಾರಿಸುವಂಥದ್ದು. ಮುನ್ನೂರು ವರ್ಷದ ಹಿಂದೆ ಆ ಕಡೆಯ ಅರಮನೆಗಳಲ್ಲಿ ಒಪೇರಾ ಆಡುತ್ತಿದ್ದಾಗ, ಅಂದರೆ ಇಡೀ ಕಥೆಯನ್ನು ಹಾಡಿಯೇ ಮುಗಿಸುವ ಆಟ ಆಡುತ್ತಿದ್ದಾಗ, ಅದು ಬೇಕಿತ್ತು. ಆಮೇಲೆ ಜಗತ್ತಿಗೆ ಬೇಡವಾಯಿತು. ಬಾಯಮ್ಮನಿಗೆ ಬೇಕಾಗಿಯೇ ಉಳಿಯಿತು.

ಆ ಕಾಲದ ಆಟವನ್ನು ಆ ಕಾಲದ ಹಾಗೆಯೇ ಆಡಬೇಕು ಎಂಬುದು ಅವರ ಹಟ. ಮೈಕು ಕೂಡದು. ಕರೆಂಟಿನ ದೀಪ ಕೂಡದು, ಎಣ್ಣೆಯದೇ ಆಗಬೇಕು. ವಾದ್ಯಗಳಿಗೆ ಉಕ್ಕಿನ ತಂತಿಯಂತೂ ಕೂಡಲೇ ಕೂಡದು. ಕುರಿಯ ಕರುಳನ್ನು ತೊಳೆದು, ಹೆರೆದು, ಹೊಸೆದು, ಒಣಗಿಸಿ ತಂತಿ ಮಾಡಬೇಕು. ಅದನ್ನೂ ಶಿಷ್ಯರ ಕೈಯಿಂದ ಅಲ್ಲಿಯೇ ಮಾಡಿಸುತ್ತಿದ್ದರು.

ವಾಸನೆ ಸೇತುವೆಯ ತನಕ ಹೋಗುತ್ತಿತ್ತು. ಊರವರು ಆ ಜಾಗಕ್ಕೆ ಕರುಳು ಮಠ ಎಂದು ಹೆಸರಿಟ್ಟರು. ಬಸ್ಸಿನ ಕಂಡಕ್ಟರ್ ಕೂಡ ಹಾಗೆಯೇ ಕೂಗುತ್ತಿದ್ದ.

ಅಲ್ಲಿ ತಾರಾನಾಥ ಮೆಂಡನ್ ಎಂಬ ಶಿಷ್ಯನಿದ್ದ. ಉಳ್ಳಾಲದ ಕಡೆಯವನು. ತಾಯಿ ಗುಲಾಬಿಯಕ್ಕ ಮೀನು ಮಾರುತ್ತಿದ್ದಳು. ಅವನು ಭಜನಾ ಮಂದಿರದಲ್ಲಿ ಹಾಡುತ್ತಿದ್ದ. ಮೀಸೆ ಬಂದರೂ ಅವನ ಮೇಲಿನ ಸ್ವರ ಮಾತ್ರ ಹೋಗಲಿಲ್ಲ. ಎತ್ತರಕ್ಕೆ ಹೋದ ಹಾಗೆ ಅದು ಇನ್ನೂ ತೆಳ್ಳಗೆ, ಇನ್ನೂ ನೇರವಾಗುತ್ತಿತ್ತು. ಜತೆಯ ಹುಡುಗರು ಅವನನ್ನು ತಾರಾ ಮೇಡಂ ಎಂದು ಕರೆಯುತ್ತಿದ್ದರು.

ಒಂದು ಸಂಜೆ ಆ ದಾರಿಯಲ್ಲಿ ಹೋಗುತ್ತಿದ್ದ ಬಾಯಮ್ಮ ಆಟೋ ನಿಲ್ಲಿಸಿದರು. ಮಂಗಳಾರತಿ ಆಗುವ ತನಕ ರಸ್ತೆಯಲ್ಲೇ ನಿಂತರು. ಆಮೇಲೆ ಒಳಗೆ ಬಂದು, ಯಾರಿಗೂ ನಮಸ್ಕಾರ ಹೇಳದೆ, ಅವನ ಮುಖವನ್ನೇ ನೋಡಿದರು.

"ಇದು ನಿನ್ನದೇ ಸ್ವರವಾ?"

"ಹೌದು ಬಾಯಮ್ಮ."

"ಯಾರೂ ಏನೂ ಮಾಡಿದ್ದಲ್ಲವಾ?"

ಆ ಪ್ರಶ್ನೆ ಅವನಿಗೆ ಅರ್ಥವಾಗಲಿಲ್ಲ. ಆದರೂ ಅವರ ಹಿಂದೆ ಹೋದ.

*

ಆ ವರ್ಷ ಹಿಡಿದಿದ್ದ ಆಟದಲ್ಲಿ ತಾರಾನಾಥನಿಗೆ ರಾಜಕುಮಾರನ ವೇಷ. ತಂದೆಯೇ ಮಗನಿಗೆ ಮರಣದಂಡನೆ ಕೊಟ್ಟಿದ್ದಾನೆ. ಬೆಳಗಾದರೆ ಕೊರಳು ಹೋಗುತ್ತದೆ. ಸೆರೆಮನೆಯಲ್ಲಿ ಅವನಿಗೆ ಜತೆ ಎಂದರೆ ಒಂದು ದೀಪ. ರಾಜಕುಮಾರ ಆ ದೀಪಕ್ಕೆ ಹಾಡುತ್ತಾನೆ, ಹಾಡಿ ಮುಗಿದ ಮೇಲೆ ತಾನೇ ಊದಿ ಆರಿಸುತ್ತಾನೆ. ಆಟ ಅಲ್ಲಿಗೆ ಮುಗಿಯುತ್ತದೆ.

ಆ ಹಾಡಿನ ಅಡಿಯಲ್ಲಿ ವಯೋಲ್ ಬಾರಿಸುವುದು ನಾಲ್ಕೇ ಸ್ವರ. ಮೆಟ್ಟಿಲಿಳಿದ ಹಾಗೆ ನಾಲ್ಕು ಸ್ವರ ಇಳಿದು, ಮತ್ತೆ ಮೇಲಿನಿಂದ ಅದೇ ನಾಲ್ಕು. ಹಾಡು ನಿಂತ ಮೇಲೂ ಅದು ನಿಲ್ಲುವಂತಿಲ್ಲ. ಹಳೆಯ ಪ್ರತಿಯಲ್ಲಿ ಅಲ್ಲಿ ಒಂದು ಮಾತು ಬರೆದಿತ್ತು: ದೀಪ ಆರುವ ತನಕ.

ಮೊದಲ ಅಭ್ಯಾಸದಲ್ಲಿ ತಾರಾನಾಥ ಹಾಡು ಮುಗಿಸಿದ ಕೂಡಲೇ ಊದಿದ. ದೀಪ ಆರಿತು.

ಬಾಯಮ್ಮ ಕಮಾನು ಎತ್ತಿದರು.

"ಊದಿಬಿಟ್ಟಿಯಾ?"

"ಹಾಡು ಮುಗೀತಲ್ಲ ಬಾಯಮ್ಮ."

"ಹಾಡು ಮುಗೀತು. ಅವನು ಇನ್ನೂ ಮುಗೀಲಿಲ್ಲ."

"ಹಾಡ್ಲಿಕ್ಕೆ ಇಲ್ಲದಿದ್ರೆ ಅಲ್ಲಿ ಎಂತ ಮಾಡುದು ನಾನು?"

"ನಿಂತುಕೊ."

"ಎಷ್ಟು ಹೊತ್ತು?"

"ಆರಿಸ್ಲಿಕ್ಕೆ ನಿನಗೆ ಮನಸ್ಸು ಬಾರದಷ್ಟು ಹೊತ್ತು."

ಪಿಟೀಲು ಹಿಡಿದಿದ್ದ ಫ್ಲೋರಿನ್ ನಕ್ಕಳು. "ಇವನ ಮನಸ್ಸು ಕಾಯ್ತಾ ಕೂತ್ರೆ ನಮ್ಮ ಕೈ ಕಳಚಿ ಬೀಳ್ತದೆ ಬಾಯಮ್ಮ."

"ಬೀಳ್ಲಿ," ಎಂದರು ಬಾಯಮ್ಮ. "ಮತ್ತೊಮ್ಮೆ."

ಮತ್ತೊಮ್ಮೆ ಹಾಡಿದ. ಮತ್ತೊಮ್ಮೆ ಅದೇ ಅವಸರ. ಹಾಡುವಾಗ ತಾನು ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಡು ನಿಂತ ಮೇಲೆ ಆ ವೇದಿಕೆಯ ಮೇಲೆ ನಿಂತಿರುವವನು ಯಾರೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ಬೇಗ ಕತ್ತಲು ಮಾಡಿಬಿಡುತ್ತಿದ್ದ.

*

ಒಂದು ಮಧ್ಯಾಹ್ನ ಬಾಯಮ್ಮನೂ ತಾರಾನಾಥನೂ ನದಿಯ ಮೆಟ್ಟಿಲಲ್ಲಿ ಕೂತು ಕರುಳು ಹೆರೆಯುತ್ತಿದ್ದರು. ಬಾಯಮ್ಮನ ಕೈಯಲ್ಲಿ ಬಾಗಿದ ಚಾಕು.

"ಈ ವೇಷವನ್ನು ಆಗ ಯಾರು ಹಾಡಿದ್ದು ಬಾಯಮ್ಮ? ನನ್ನ ಹಾಗೆ ಸ್ವರ ಇದ್ದವರಾ?"

"ನಿನ್ನ ಹಾಗೆ ಸುಮ್ಮನೆ ಹುಟ್ಟಿದವರು ಸಿಗುದು ಕಷ್ಟ. ಹಾಗಾಗಿ ಮಾಡಿದ್ರು."

"ಮಾಡಿದ್ರು ಅಂದ್ರೆ?"

"ಚಂದ ಹಾಡುವ ಬಡವರ ಮಕ್ಕಳನ್ನು ಹುಡುಕಿದ್ರು. ಸ್ವರ ಒಡೆಯುವ ಮೊದಲೇ ಕೊಯ್ಸಿದ್ರು. ಹೋರಿಯನ್ನು ಎತ್ತು ಮಾಡುದಿಲ್ವಾ, ಹಾಗೆ."

ತಾರಾನಾಥ ಚಾಕು ನೋಡಿದ. ಆಮೇಲೆ ನದಿ ನೋಡಿದ.

"ಸಾಯ್ತಿರ್ಲಿಲ್ವಾ ಮಕ್ಕಳು?"

"ಕೆಲವರು ಸತ್ರು. ಬದುಕಿದವರಲ್ಲಿ ಎಲ್ಲೋ ಒಬ್ಬ ದೊಡ್ಡ ಹಾಡುಗಾರ ಆದ. ಉಳಿದವರಿಗೆ ಅದೂ ಇಲ್ಲ, ಇದೂ ಇಲ್ಲ."

"ಮಕ್ಕಳ ಹತ್ರ ಕೇಳ್ತಿದ್ರಾ?"

"ಕೇಳ್ತಿದ್ರಂತೆ. ಸಿಹಿ ಕೊಟ್ಟು ಕೇಳುದು. ಯಾವಾಗ್ಲೂ ಹೀಗೇ ಹಾಡ್ತಾ ಇರ್ಲಿಕ್ಕೆ ನಿನಗೆ ಇಷ್ಟವಾ ಮಗಾ, ಅಂತ."

"ಅವು ಎಂತ ಹೇಳಿದ್ವು?"

"ಸಣ್ಣದಿರುವಾಗ ನಿನ್ನ ಹತ್ರ ಕೇಳಿದ್ರೆ ನೀನು ಎಂತ ಹೇಳ್ತಿದ್ದಿ?"

ತಾರಾನಾಥ ಮತ್ತೆ ಕರುಳು ಹೆರೆಯತೊಡಗಿದ. ಹ್ಞೂಂ ಎನ್ನುತ್ತಿದ್ದ. ಸಿಹಿ ಕೊಡದಿದ್ದರೂ ಹ್ಞೂಂ ಎನ್ನುತ್ತಿದ್ದ.

"ಕೇಳುದು ಯಾರು? ಡಾಕ್ಟ್ರಾ?"

"ಅಲ್ಲ," ಎಂದರು ಬಾಯಮ್ಮ. ಚಾಕನ್ನು ನೀರಿನಲ್ಲಿ ಅದ್ದಿ ಒರೆಸಿದರು. "ಸಂಗೀತದ ಮಾಷ್ಟ್ರು."

*

ಬೇಸಿಗೆಯಲ್ಲಿ ತಾರಾನಾಥನ ಕೊರಳಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಮೊದಲು ಅಡಕೆಯಷ್ಟಿತ್ತು. ಯಾರಿಗೂ ಹೇಳದೆ ಪೇಟೆಯ ಆಸ್ಪತ್ರೆಗೆ ಹೋದ.

ಸೂಜಿ ಚುಚ್ಚಿದರು, ಫೋಟೋ ತೆಗೆದರು. ಡಾಕ್ಟರು ನಡುವಯಸ್ಸಿನ ಹೆಂಗಸು. ಸುತ್ತಿಬಳಸಿ ಮಾತನಾಡುವ ಅಭ್ಯಾಸ ಅವರಿಗಿರಲಿಲ್ಲ.

"ಒಳ್ಳೆ ಗಂಟಲ್ಲ ಇದು. ಸ್ವರದ ನರಕ್ಕೆ ಅಂಟಿಕೊಂಡಿದೆ. ಗಂಟು ತೆಗೆದ್ರೆ ಆ ಕಡೆಯ ನರವೂ ಹೋಗ್ತದೆ."

"ಹೋದ್ರೆ?"

"ಬದುಕ್ತೀರಿ. ಮಾತಾಡ್ತೀರಿ, ಪಿಸುಗುಟ್ಟಿದ ಹಾಗೆ. ಎಂತ ಕೆಲಸ ನಿಮ್ಮದು?"

"ಹಾಡುದು."

ಡಾಕ್ಟರು ಪೆನ್ನು ಕೆಳಗಿಟ್ಟರು.

"ದೀಪಾವಳಿ ಕಳೆದು ಮಾಡಿಸಿದ್ರೆ ಆಗ್ತದಾ?" ಎಂದು ತಾರಾನಾಥ ಕೇಳಿದ. ಆಟ ಇಟ್ಟುಕೊಂಡಿದ್ದು ದೀಪಾವಳಿ ಕಳೆದ ವಾರ. ನೋಡಲು ಸಮುದ್ರದಾಚೆಯಿಂದ ಜನ ಬರುವವರಿದ್ದರು. ಅವನ ಸ್ವರವನ್ನು ಕೇಳಲೆಂದೇ ಬರುವವರು.

"ಮಳೆ ಹಿಡಿಯುವ ಮೊದಲು ಬಂದ್ರೆ ನಾನು ಮಾಡ್ತೇನೆ. ಮಳೆಗಾಲ ಕಳೆದು ಬಂದ್ರೆ ಗಂಟು ಶ್ವಾಸದ ಕೊಳವೆಗೆ ಹೋಗಿರ್ತದೆ. ಆಮೇಲೆ ನಾನು ಕತ್ತಿ ಹಿಡಿಯುವ ಹಾಗೇ ಇರುದಿಲ್ಲ."

ತಾರಾನಾಥ ಥ್ಯಾಂಕ್ಸ್ ಹೇಳಿ ಎದ್ದ. ಹೊರಗೆ ಒಂದು ಕಬ್ಬಿನ ಹಾಲು ಕುಡಿದ. ತಾಯಿಗೆ ಹೇಳಲಿಲ್ಲ. ಬಾಯಮ್ಮನಿಗೆ ಹೇಳಲಿಲ್ಲ.

ಮರುದಿನದಿಂದ ರಾಜಕುಮಾರನ ಜರಿ ಕಾಲರು ತೊಟ್ಟೇ ಅಭ್ಯಾಸಕ್ಕೆ ಬರತೊಡಗಿದ. ಗಲ್ಲದ ತನಕ ಮುಚ್ಚುವ ಕಾಲರು.

"ಎಂತ ಮಾರಾಯ, ಈಗಲೇ ಅರಮನೆಗೆ ಹೋದ್ಯಾ?" ಎಂದಳು ಫ್ಲೋರಿನ್. "ಈ ಸೆಖೆಗೆ ನನಗೆ ಕೂದಲೇ ಭಾರ ಆಗ್ತಾ ಉಂಟು."

"ಅಭ್ಯಾಸ ಆಗ್ಬೇಕಲ್ಲ," ಎಂದ.

*

ಮೇ ತಿಂಗಳ ಹೊತ್ತಿಗೆ ಮೇಲಿನ ಸ್ವರ ಕೈಕೊಡಲು ಶುರುವಾಯಿತು. ಹಾಡಿನ ತುದಿಯಲ್ಲಿ ಒಂದು ಸ್ವರವಿತ್ತು. ರಾಜಕುಮಾರ ದೀಪವನ್ನು ಹೆಸರು ಹಿಡಿದು ಕರೆಯುವ ಜಾಗ. ಅಲ್ಲಿಗೆ ಹೋದಾಗ ಗಂಟಲು ಹಿಡಿಯುತ್ತಿತ್ತು.

ತಾರಾನಾಥ ಯೋಚಿಸಿದ. ಬಾಯಮ್ಮ ಇಲ್ಲದ ಹೊತ್ತು ನೋಡಿ ವಾದ್ಯದವರನ್ನು ಕರೆದ.

"ನಾವು ಶ್ರುತಿ ಹಿಡಿದದ್ದು ತಪ್ಪು. ಆ ಕಾಲದಲ್ಲಿ ರೋಮಿನಲ್ಲಿ ಶ್ರುತಿ ಇದಕ್ಕಿಂತ ಅರ್ಧ ಸ್ವರ ಕೆಳಗಿತ್ತು."

"ಈಗಿನವರಿಗಿಂತ ಅರ್ಧ ಸ್ವರ ಆಗಲೇ ಇಳಿಸಿದ್ದೇವಲ್ಲ?" ಎಂದಳು ಫ್ಲೋರಿನ್.

"ಇನ್ನೂ ಅರ್ಧ. ಬೇಕಾದ್ರೆ ಪುಸ್ತಕ ನೋಡು. ಆ ಕಾಲದ ಹಾಗೆ ಆಡುದಾದ್ರೆ ಸರಿಯಾಗಿ ಆಡ್ಬೇಕು."

ಅವನು ಹೇಳಿದ್ದು ನಿಜವೇ. ಪುಸ್ತಕದಲ್ಲಿ ಹಾಗೆಯೇ ಇತ್ತು. ಕರುಳು ಮಠದಲ್ಲಿ ಸುಳ್ಳು ನಡೆಯಬೇಕಾದರೆ ಅದಕ್ಕೆ ಅಷ್ಟಾದರೂ ಓದು ಬೇಕಾಗುತ್ತಿತ್ತು.

ಬಿರಡೆ ತಿರುಗಿಸಿದರು. ಕರುಳು ಸಡಿಲವಾಯಿತು. ಸ್ವರಕ್ಕೆ ಒಂದು ಗೊರಗೊರ ಸೇರಿಕೊಂಡಿತು, ಕಫ ಕಟ್ಟಿದವರು ಮಾತನಾಡಿದ ಹಾಗೆ. ಆದರೆ ತಾರಾನಾಥನ ಮೇಲಿನ ಸ್ವರ ತಲುಪಿತು.

ಸಂಜೆ ಬಾಯಮ್ಮ ಬಂದರು. ಬಾಗಿಲಲ್ಲೇ ನಿಂತು ಪೂರ್ತಿ ಹಾಡು ಕೇಳಿದರು. ಆಮೇಲೆ ಫ್ಲೋರಿನ್ ಹತ್ತಿರ ಹೋಗಿ ಪಿಟೀಲಿನ ತಂತಿಯನ್ನು ಉಗುರಿನಿಂದ ಮೀಟಿದರು.

"ಯಾರು ಇಳಿಸಿದ್ದು?"

ಫ್ಲೋರಿನ್ ಕಮಾನಿನಿಂದ ತಾರಾನಾಥನನ್ನು ತೋರಿಸಿದಳು.

"ರೋಮಿನಲ್ಲಿ ಹಾಗಿತ್ತು ಬಾಯಮ್ಮ," ಎಂದ ತಾರಾನಾಥ.

"ಹೌದು. ಇತ್ತು."

ಅವನಿಗೆ ಜೀವ ಬಂದ ಹಾಗಾಯಿತು.

"ಅವರು ಇಳಿಸುವಾಗ ಅದಕ್ಕೆ ತಕ್ಕ ದಪ್ಪ ತಂತಿ ಹಾಕ್ತಿದ್ರು," ಎಂದರು ಬಾಯಮ್ಮ. "ನೀನು ತಂತಿ ಬದಲಿಸ್ಲಿಲ್ಲ. ಅಂದ್ರೆ ನಿನಗೆ ಶ್ರುತಿ ಬೇಕಾಗಿರ್ಲಿಲ್ಲ, ಇಳಿಯುದು ಮಾತ್ರ ಬೇಕಾಗಿತ್ತು. ಇಳಿಸಿದ್ದು ರೋಮಿನವರಾ, ನಿನ್ನ ಗಂಟಲಾ?"

ತಾರಾನಾಥನ ಕೈ ಕಾಲರಿಗೆ ಹೋಯಿತು.

"ಕಾಲರ್ ತೆಗಿ."

ತೆಗೆದ.

ಫ್ಲೋರಿನ್ ಬಾಯಿಗೆ ಕೈ ಇಟ್ಟುಕೊಂಡಳು. ಬಾಯಮ್ಮ ಕಣ್ಣಲ್ಲೇ ಸೂಚಿಸಿದರು. ಉಳಿದವರು ವಾದ್ಯ ಅಲ್ಲಲ್ಲೇ ಬಿಟ್ಟು ಹೊರಗೆ ಹೋದರು.

ತಾರಾನಾಥ ಎಲ್ಲ ಹೇಳಿದ. ಗಂಟು, ನರ, ಡಾಕ್ಟರು, ಅವರು ಕೊಟ್ಟ ಗಡುವು. ಹೇಳಿ ಮುಗಿಸಿ ನೆಲ ನೋಡುತ್ತ ನಿಂತ.

"ನಾನು ಆಟ ಆಡಿಯೇ ಹೋಗುದು ಬಾಯಮ್ಮ. ಒಂದೇ ಒಂದು ಸಲ ಹಾಡಿ ಹೋಗ್ತೇನೆ. ನೀವು ಎಂತ ಹೇಳ್ತೀರಿ?"

ಬಾಯಮ್ಮ ಫ್ಲೋರಿನ್ ಬಿಟ್ಟುಹೋದ ಪಿಟೀಲು ಎತ್ತಿಕೊಂಡರು. ಅವರ ಕೈ ಪಿಟೀಲಿನ ಬಿರಡೆಯ ಮೇಲಿತ್ತು.

"ದೀಪಾವಳಿ ತನಕ ತಡೀತದಾ ಅಂತ ಡಾಕ್ಟ್ರ ಹತ್ರ ಸರಿಯಾಗಿ ಕೇಳಿದ್ದೀಯಾ?"

ತಾರಾನಾಥನ ಮುಖ ಅರಳಿತು.

"ಕೇಳಿದ್ದೇನೆ. ತಡೀಲೂಬಹುದು ಅಂದ್ರು."

ಸುಳ್ಳು. ಈ ಸಲ ಯಾವ ಪುಸ್ತಕದಲ್ಲೂ ಇಲ್ಲದ ಸುಳ್ಳು.

ಬಾಯಮ್ಮ ಅವನ ಅರಳಿದ ಮುಖವನ್ನೇ ನೋಡಿದರು. ಏನೂ ಹೇಳಲಿಲ್ಲ. ಒಳಗೆ ಹೋದರು.

ಹೇಳದಿದ್ದದ್ದನ್ನು ತಾರಾನಾಥ ಒಪ್ಪಿಗೆ ಎಂದುಕೊಂಡ. ಆ ದಿನ ಬಹಳ ಸಮಯದ ಮೇಲೆ ಅವನು ಹೊಟ್ಟೆ ತುಂಬ ಉಂಡ.

*

ಮರುದಿನ ಬೆಳಿಗ್ಗೆ ಮೊದಲ ಮೋಡ ಕಟ್ಟಿತ್ತು. ತಾರಾನಾಥ ಬಂದಾಗ ಫ್ಲೋರಿನ್ ಮೆಟ್ಟಿಲಲ್ಲಿ ಕೂತು ಅಳುತ್ತಿದ್ದಳು.

"ಎಂತ ಆಯ್ತು?"

"ಒಳಗೆ ಹೋಗಿ ನೋಡು."

ಚಾವಡಿಯ ಉದ್ದ ಮೇಜಿನ ಮೇಲೆ ವಾದ್ಯಗಳೆಲ್ಲ ಅಂಗಾತ ಮಲಗಿದ್ದವು. ಪಿಟೀಲುಗಳಿಗೆ ತಂತಿ ಇರಲಿಲ್ಲ. ಬೆರಳಿನಿಂದ ಮೀಟುವ, ಉದ್ದ ಕುತ್ತಿಗೆಯ ಲ್ಯೂಟಿಗೂ ಇರಲಿಲ್ಲ. ಕತ್ತರಿಸಿದ ಕರುಳು ಸುರುಳಿ ಸುತ್ತಿಕೊಂಡು ನೆಲದ ಮೇಲೆಲ್ಲ ಬಿದ್ದಿತ್ತು.

ಬಾಯಮ್ಮ ಸ್ಟೂಲಿನ ಮೇಲೆ ಕೂತಿದ್ದರು. ಕಾಲುಗಳ ನಡುವೆ ಅವರ ವಯೋಲ್. ಕೈಯಲ್ಲಿ ಕರುಳು ಹೆರೆಯುವ ಚಾಕು.

"ಬಾಯಮ್ಮ! ಎಂತ ಮಾಡ್ತಾ ಇದ್ದೀರಿ? ಮಂಡೆ ಸರಿ ಉಂಟಾ ನಿಮಗೆ?"

ಬಾಯಮ್ಮ ಒಂದು ತಂತಿ ಕತ್ತರಿಸಿದರು. ಅದು ಠಳ್ ಎಂದು ಹಾರಿ ಅವರ ಮುಂಗೈಗೆ ಬಡಿಯಿತು. ಕೆಂಪು ಗೀರು ಎದ್ದಿತು. ಅವರು ಮುಂದಿನ ತಂತಿಗೆ ಚಾಕು ಇಟ್ಟರು.

ಮಳೆಗಾಲದಲ್ಲಿ ಕರುಳು ಒಣಗುವುದಿಲ್ಲ, ಕೊಳೆಯುತ್ತದೆ. ಇನ್ನು ಮಳೆ ಹೋಗುವ ತನಕ ಹೊಸ ತಂತಿ ಇಲ್ಲ. ತಂತಿ ಇಲ್ಲದೆ ಅಭ್ಯಾಸ ಇಲ್ಲ. ಅಭ್ಯಾಸ ಇಲ್ಲದೆ ಆಟ ಇಲ್ಲ. ಅಲ್ಲಿ ಕಲಿತ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಬರುವವರಿಗೆ ಬರಬೇಡಿ ಅಂತ ಹೇಳಿ ಆಯ್ತು," ಎಂದರು ಬಾಯಮ್ಮ.

"ನನ್ನ ಸ್ವರ! ನನ್ನ ಕುತ್ತಿಗೆ! ಅದರಲ್ಲಿ ನಿಮ್ಮದೆಂತ ಉಂಟು?"

"ಎಂತದ್ದೂ ಇಲ್ಲ."

"ಆ ಮಕ್ಕಳ ಹತ್ರ ಸಿಹಿ ಕೊಟ್ಟಾದ್ರೂ ಕೇಳ್ತಿದ್ರು. ನೀವು ಕೇಳ್ಲೇ ಇಲ್ಲ."

"ಕೇಳಿದೆ, ನಿನ್ನೆ. ದೀಪಾವಳಿ ತನಕ ತಡೀತದಾ ಅಂತ."

ತಾರಾನಾಥ ತೊಟ್ಟು ಬಂದಿದ್ದ ಕಾಲರನ್ನು ಕಿತ್ತು ಕೈಯಲ್ಲಿ ಹಿಡಿದ.

"ಅದೇ ಸಿಹಿ," ಎಂದರು ಬಾಯಮ್ಮ. "ನೀನು ತಿಂದದ್ದನ್ನು ನೋಡಿದೆ."

ಮತ್ತೊಂದು ತಂತಿ ಹಾರಿತು.

"ನಾನು ಬೇರೆ ಕಡೆ ಹಾಡ್ತೇನೆ. ಉಕ್ಕಿನ ತಂತಿಯವರ ಜತೆ ಹಾಡ್ತೇನೆ. ಮೈಕು ಹಿಡಿದು ಹಾಡ್ತೇನೆ!"

"ಹಾಡು. ಈಗಲೇ ಹಾಡು. ಇಳಿಸದೆ, ಅದರ ಜಾಗದಲ್ಲೇ. ದೀಪವನ್ನು ಕರೆಯುವ ಸ್ವರ ಒಂದೇ ಸಾಕು."

ತಾರಾನಾಥ ನೆಟ್ಟಗೆ ನಿಂತ. ಉಸಿರು ತೆಗೆದುಕೊಂಡ. ಬಾಯಿ ತೆರೆದ.

ಹಳೆ ಬಟ್ಟೆ ಹರಿದ ಹಾಗೆ ಒಂದು ಶಬ್ದ ಬಂತು.

ಹೊರಗೆ ಫ್ಲೋರಿನ್‌ಳ ಅಳು ನಿಂತಿತು.

ಇನ್ನೊಮ್ಮೆ ಬಾಯಿ ತೆರೆದ. ಆ ಶಬ್ದವೂ ಬರಲಿಲ್ಲ. ದೀಪಾವಳಿ ತನಕ ಕಾಪಾಡಬೇಕೆಂದು ಹೊರಟಿದ್ದ ವಸ್ತು ಆಗಲೇ ಕೈಬಿಟ್ಟು ಹೋಗಿದೆ ಎಂಬುದು ಅವನಿಗೆ ಆ ಚಾವಡಿಯ ನಡುವೆ, ಹಗಲು ಹೊತ್ತಿನಲ್ಲಿ, ಗೊತ್ತಾಯಿತು.

ಕಾಲರನ್ನು ಮೇಜಿನ ಮೇಲೆ ಎಸೆದ.

"ನಿಮಗೆ ಬೇಕಾಗಿದ್ದದ್ದು ನನ್ನ ಸ್ವರ. ನಾನಲ್ಲ."

"ಹೌದು," ಎಂದರು ಬಾಯಮ್ಮ. "ಆಟೋ ನಿಲ್ಲಿಸಿದ್ದು ಸ್ವರಕ್ಕೆ."

"ಈಗ?"

ಬಾಯಮ್ಮ ಕೊನೆಯ ತಂತಿಯನ್ನು ಕತ್ತರಿಸಿದರು. ಎಲ್ಲಕ್ಕಿಂತ ದಪ್ಪನೆಯದು. ಅದು ಹಾರಲಿಲ್ಲ, ಸುಮ್ಮನೆ ಕೆಳಗೆ ಬಿತ್ತು.

"ಈಗ ಆಸ್ಪತ್ರೆಯ ಬಸ್ಸಿಗೆ ಹೊತ್ತಾಯ್ತು. ಹೋಗು."

*

ಗುಲಾಬಿಯಕ್ಕನಿಗೆ ತಾರಾನಾಥ ವಿಷಯ ಹೇಳಿದ್ದು ಆ ದಿನವೇ. ಮೀನಿನ ಬುಟ್ಟಿಯನ್ನು ನೆಂಟರ ಮನೆಯ ಜಗಲಿಯಲ್ಲಿ ಇಟ್ಟು ಮಗನ ಜತೆ ಆಸ್ಪತ್ರೆಗೆ ನಡೆದಳು.

ಡಾಕ್ಟರು ಅವಳಿಗೂ ಹೇಳಿದರು. ಸ್ವರ ಹೋಗ್ತದೆ ಅಮ್ಮ, ಆಮೇಲೆ ಕೇಳಬೇಡಿ.

"ಹೋಗ್ಲಿ," ಎಂದಳು ಗುಲಾಬಿಯಕ್ಕ. "ನಾನು ಕರೆದ್ರೆ ಅವ ತಿರುಗಿ ನೋಡಿದ್ರೆ ಸಾಕು. ಅವ ನನ್ನನ್ನು ಕರೀಬೇಕು ಅಂತ ಇಲ್ಲ."

ಕೊಯ್ದರು. ಗಂಟು ಹೋಯಿತು. ಕೊರಳ ಬುಡದಲ್ಲಿ ಒಂದು ಅಡ್ಡ ಹೊಲಿಗೆ ಉಳಿಯಿತು.

ಎಚ್ಚರವಾದಾಗ ಹೊರಗೆ ಮಳೆ ಹೊಯ್ಯುತ್ತಿತ್ತು. ತಾರಾನಾಥ ಅಮ್ಮ ಎಂದ. ಗಾಳಿ ಬಂತು, ಅಮ್ಮ ಎಂಬ ಮಾತು ಬರಲಿಲ್ಲ.

ಬಾಯಮ್ಮ ನೋಡಲು ಬರಲಿಲ್ಲ ಎಂದು ಅವನು ಲೆಕ್ಕ ಇಟ್ಟುಕೊಂಡಿದ್ದ. ಆಸ್ಪತ್ರೆ ಬಿಡುವ ದಿನ ಗುಲಾಬಿಯಕ್ಕ ಬಟ್ಟೆ ಮಡಚುತ್ತ ಹೇಳಿದಳು.

"ಬಾಯಮ್ಮ ದಿನಾ ಬಂದು ಹೊರಗೆ ಬೆಂಚಿನಲ್ಲಿ ಕೂತು ಹೋಗ್ತಿದ್ರು. ಒಳಗೆ ಬನ್ನಿ ಅಂದ್ರೆ ಬರ್ಲಿಲ್ಲ. ಎಂತ ವಾಸನೆ ಮಾರಾಯ ಅವರ ಕೈಗೆ! ನಾನು ಮೀನಿನವಳು, ನಾನೇ ಆಚೆ ಸರಿದು ಕೂತೆ."

ತಾರಾನಾಥ ಗೋಡೆಯ ಕಡೆ ತಿರುಗಿದ.

*

ಮಳೆ ಹೋಯಿತು. ಆಟ ಇಟ್ಟುಕೊಂಡಿದ್ದ ವಾರ ಬಂತು. ಆ ವಾರದ ಒಂದು ಸಂಜೆ ತಾರಾನಾಥ ಬಸ್ಸು ಹತ್ತಿದ. ಯಾಕೆಂದು ಅವನಿಗೂ ಗೊತ್ತಿರಲಿಲ್ಲ.

"ಎಲ್ಲಿಗೆ?" ಎಂದ ಕಂಡಕ್ಟರ್.

ಅವನು ಹೇಳಿದ.

"ಹ್ಞಾಂ?"

ಮತ್ತೆ ಹೇಳಿದ. ಕಂಡಕ್ಟರ್ ಬಗ್ಗಿ ಕಿವಿಯನ್ನು ಅವನ ಬಾಯಿಯ ಹತ್ತಿರ ತಂದ. ಆಮೇಲೆ ನೆಟ್ಟಗಾಗಿ ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದ.

"ಕರುಳು ಮಠ ಒಂದು!"

ಚಾವಡಿಯಲ್ಲಿ ಯಾರೂ ಇರಲಿಲ್ಲ. ಫ್ಲೋರಿನ್ ಯಾವುದೋ ಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದಳು. ತಂತಿ ಇಲ್ಲದ ಪಿಟೀಲುಗಳು ಗೋಡೆಯ ಮೇಲೆ ನೇತಾಡುತ್ತಿದ್ದವು. ಜರಿ ಕಾಲರು ಮೇಜಿನ ಮೇಲೆ ಎಸೆದಲ್ಲಿಯೇ ಇತ್ತು, ಬೂಸಲು ಹಿಡಿದಿತ್ತು.

ಬಾಯಮ್ಮ ಅದೇ ಸ್ಟೂಲಿನ ಮೇಲೆ ಕೂತಿದ್ದರು. ಕಾಲುಗಳ ನಡುವೆ ವಯೋಲ್.

ಅದಕ್ಕೆ ತಂತಿ ಇತ್ತು.

ತಾರಾನಾಥ ಹತ್ತಿರ ಹೋಗಿ ನೋಡಿದ. ಮಸಿ ಬಣ್ಣದ ಕರುಳು, ಅಲ್ಲಲ್ಲಿ ಗಂಟು ಗಂಟು. ಮಳೆಗಾಲವಿಡೀ ಅಡಿಗೆ ಒಲೆಯ ಮೇಲೆ ಕಟ್ಟಿ, ಹೊಗೆಯಲ್ಲಿ ಒಣಗಿಸಿದ್ದು. ಬಾಯಮ್ಮನ ಬೆರಳುಗಳಿಗೆ ಬಟ್ಟೆಯ ಚೂರು ಸುತ್ತಿತ್ತು. ಆ ವಯಸ್ಸಿನ ಕೈಗಳು ಒಂಟಿಯಾಗಿ ಹೊಸೆಯುವಂಥದ್ದಲ್ಲ ಅದು.

ಅವನು ಏನೋ ಹೇಳಿದ.

"ಎಂತ? ಕೇಳ್ಲಿಲ್ಲ," ಎಂದರು ಬಾಯಮ್ಮ.

ಕಂಡಕ್ಟರನ ಹಾಗೆ ಅವರು ಕಿವಿ ಬಗ್ಗಿಸಲಿಲ್ಲ. ಅವನೇ ಬಗ್ಗಬೇಕಾಯಿತು.

"ನಾನು ನಿಮ್ಮನ್ನು ಕ್ಷಮಿಸ್ಲಿಲ್ಲ."

"ಕ್ಷಮಿಸು ಅಂತ ಯಾರು ಹೇಳಿದ್ದು?"

"ಬದುಕಿ ಎಂತ ಮಾಡುದು ನಾನು? ಹೇಳಿ."

ಬಾಯಮ್ಮ ಕಮಾನಿಗೆ ರಾಳ ತಿಕ್ಕಿದರು. ತಿಕ್ಕುವಾಗ ನೋವಿಗೆ ಅವರ ತುಟಿ ಒಂದು ಕಡೆ ಎಳೆಯಿತು.

"ದೀಪ ಹಚ್ಚು."

"ಯಾಕೆ?"

"ಹಚ್ಚು."

ಹಚ್ಚಿದ. ರಾಜಕುಮಾರನ ಜಾಗ ನೆಲದ ಮೇಲೆ ಸುಣ್ಣದಲ್ಲಿ ಗುರುತು ಮಾಡಿದ್ದು ಇನ್ನೂ ಇತ್ತು. ಕಾಲು ತಾನಾಗಿ ಅಲ್ಲಿಗೆ ಹೋಗಿ ನಿಂತಿತು.

ಬಾಯಮ್ಮ ಬಾರಿಸತೊಡಗಿದರು. ಮೆಟ್ಟಿಲಿಳಿದ ಹಾಗೆ ನಾಲ್ಕು ಸ್ವರ. ಮತ್ತೆ ಅದೇ ನಾಲ್ಕು. ಹೊಗೆ ಕುಡಿದ ತಂತಿ ಒರಟಾಗಿ ಕೂಗುತ್ತಿತ್ತು. ಇಳಿಸಿರಲಿಲ್ಲ. ಶ್ರುತಿ ಅದರ ಜಾಗದಲ್ಲೇ ಇತ್ತು.

ಹಾಡು ಶುರುವಾಗುವ ಜಾಗ ಬಂತು, ದಾಟಿ ಹೋಯಿತು. ತಾರಾನಾಥನ ತುಟಿ ಒಮ್ಮೆ ಅಲುಗಿತು. ದೀಪವನ್ನು ಹೆಸರು ಹಿಡಿದು ಕರೆಯುವ ಜಾಗ ಬಂತು. ಅದೂ ಹೋಯಿತು. ಖಾಲಿ ಚಾವಡಿಯಲ್ಲಿ ನಾಲ್ಕು ಸ್ವರ ಇಳಿದು ಇಳಿದು ಬರುತ್ತಿದ್ದವು.

ಹಾಡು ಮುಗಿಯುವ ಜಾಗವೂ ಹೋಯಿತು.

ಅವನು ನಿಂತೇ ಇದ್ದ. ಹಿಂದೆ ಒಂದು ಕ್ಷಣವೂ ನಿಲ್ಲಲಾಗದಿದ್ದ ಆ ಜಾಗದಲ್ಲಿ, ಈಗ ಅದರ ಹೊರತು ನಿಲ್ಲಲು ಬೇರೆ ಜಾಗ ಇರಲಿಲ್ಲ. ಕಿಟಕಿಯಾಚೆ ನದಿ ಕಪ್ಪಾಗತೊಡಗಿತು.

ಸಾಕು ಎನಿಸಿತು. ಎಲ್ಲ ಸಾಕು ಎನಿಸಿತು. ಬಗ್ಗಿ ದೀಪಕ್ಕೆ ಊದಿದ.

ಗಂಟಲಿನ ಒಂದು ಮಗ್ಗುಲು ಮುಚ್ಚಲಿಲ್ಲ. ಉಸಿರು ಅಲ್ಲಿಯೇ ಸೋರಿತು. ಬತ್ತಿ ಸ್ವಲ್ಪ ಬಾಗಿ, ಮತ್ತೆ ನೆಟ್ಟಗಾಯಿತು.

ಇನ್ನೊಮ್ಮೆ ಊದಿದ. ಬಾಗಿತು, ನಿಂತಿತು.

ಮತ್ತೊಮ್ಮೆ ಊದಲು ಹೋಗಿ ಕೆಮ್ಮು ಬಂತು. ಮೊಣಕಾಲಿನ ಮೇಲೆ ಕೈ ಊರಿ, ಬಗ್ಗಿಕೊಂಡೇ ಬಾಯಮ್ಮನ ಕಡೆ ನೋಡಿದ. ಅವರ ಬೆರಳಿನ ಬಟ್ಟೆ ಬಿಚ್ಚಿ ನೇತಾಡುತ್ತಿತ್ತು. ಕಮಾನು ನಿಂತಿರಲಿಲ್ಲ.

"ಅವಸರ ಎಂತದ್ದು ಮಾರಾಯ?" ಎಂದರು ಬಾಯಮ್ಮ. "ದೀಪ ಉರಿಯುವಷ್ಟು ಹೊತ್ತು ನಾನು ನಿಲ್ಲಿಸುವ ಹಾಗಿಲ್ಲ."